ಅಪ್ಪಯ್ಯನ ರುಜು ನಡುಗಿದೆ ಎಂದರೆ ಅದು ಸುಳ್ಳೇ?

ಬ್ರಹ್ಮಾವರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

"ನನ್ನ ಅಪ್ಪಯ್ಯ ಪ್ರಾಥಮಿಕ ಶಾಲೆಯಲ್ಲಿ ಮಾಷ್ಟ್ರಾಗಿದ್ದರು. ಕೊನೆಯ ಆರು ವರ್ಷ ಪಾರ್ಕಿನ್ಸನ್ ಕಾಯಿಲೆ ಇತ್ತು. ತೀರಿಕೊಂಡು ಎರಡು ವರ್ಷ ಆಯ್ತು. ಈಗ ಅಣ್ಣ 2019ರ ತಾರೀಕಿನ ಒಂದು ವೀಲುನಾಮೆ ತೋರಿಸುತ್ತಿದ್ದಾನೆ. ಮನೆ, ಎಂಬತ್ತು ಸೆಂಟ್ಸ್ ಜಾಗ ಎಲ್ಲ ಅವನಿಗೇ. ಟೈಪ್ ಮಾಡಿದ ಎರಡು ಹಾಳೆ. ಮೊದಲ ಹಾಳೆಯ ರುಜು ಅಪ್ಪಯ್ಯ ಶಾಲೆಯಲ್ಲಿದ್ದಾಗ ಹಾಕುತ್ತಿದ್ದ ಹಾಗೇ ಅಚ್ಚುಕಟ್ಟಾಗಿ ಉಂಟು. ಎರಡನೆಯದ್ದು ಪೂರ್ತಿ ನಡುಗಿದೆ. ಆ ಎರಡನೆಯದ್ದು ಸುಳ್ಳು ಅಂತ ನನಗೆ ಕಾಣುತ್ತದೆ. ಎರಡರ ಜೆರಾಕ್ಸ್ ಕಳಿಸಿದ್ದೇನೆ. ಕೇಸು ಹಾಕಿದ್ದೇವೆ. ವಕೀಲರು ತಜ್ಞರಿಗೆ ಕಳಿಸೋಣ ಅನ್ನುತ್ತಾರೆ. ಬರಹ ನೋಡಿ ಯಾರದ್ದು ಅಂತ ನಿಜವಾಗಿ ಹೇಳಲಿಕ್ಕೆ ಆಗುತ್ತದಾ? ಅಕ್ಷರ ನೋಡಿ ಗುಣ ಹೇಳುವವರೊಬ್ಬರು ನಮಗೆ ಪರಿಚಯ. ಅವರಿಗೆ ತೋರಿಸಬಹುದಾ? ನೀವು ದಿನಾ ಕೈಬರಹ ನೋಡುವವರು, ಅದಕ್ಕೆ ಕೇಳಿದೆ."

ನಮಸ್ಕಾರ ಅಕ್ಕ. ನಿಮ್ಮ ಕಾಗದ ಓದಿ ಮನಸ್ಸು ಭಾರವಾಯಿತು. ಅಪ್ಪಯ್ಯ ಹೋದ ದುಃಖ ಒಂದು ಕಡೆ, ಅಣ್ಣನ ಮೇಲೆ ಕೋರ್ಟಿಗೆ ಹೋಗಬೇಕಾದ ಸಂಕಟ ಇನ್ನೊಂದು ಕಡೆ. ಇಂಥ ಹೊತ್ತಿನಲ್ಲಿ ಸುಮ್ನೆ ಸಮಾಧಾನ ಹೇಳುವುದಕ್ಕಿಂತ ವಿಷಯ ಸರಿಯಾಗಿ ತಿಳಿಸಿದರೆ ಉಪಯೋಗ ಜಾಸ್ತಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನೀವು ಕಳಿಸಿದ ಜೆರಾಕ್ಸ್ ನೋಡಿ ಈ ರುಜು ನಿಜ, ಈ ರುಜು ಸುಳ್ಳು ಎಂದು ನಾನು ಹೇಳುವುದಿಲ್ಲ. ಹೇಳಬಾರದು ಕೂಡ. ಜೆರಾಕ್ಸಿನಲ್ಲಿ ಪೆನ್ನು ಎಷ್ಟು ಒತ್ತಿದೆ ಎಂದು ಕಾಣುವುದಿಲ್ಲ, ಎಲ್ಲಿ ನಿಂತಿತು, ಎಲ್ಲಿ ಎತ್ತಿತು ಎಂದೂ ಸರಿಯಾಗಿ ಕಾಣುವುದಿಲ್ಲ. ಬೇರೆ ಕಾಗದದ ರುಜು ಕತ್ತರಿಸಿ ಅಂಟಿಸಿ ಜೆರಾಕ್ಸ್ ತೆಗೆದರೂ ಅದು ಹೀಗೇ ಇರುತ್ತದೆ. ಆದರೆ ನಡುಗಿದ ರುಜು ಸುಳ್ಳು, ಚಂದದ ರುಜು ನಿಜ ಎಂದು ನೀವು ಹಿಡಿದ ದಾರಿ ಇದೆಯಲ್ಲ, ಅದನ್ನು ಈಗಲೇ ಬಿಡಿ. ಪಾರ್ಕಿನ್ಸನ್ ಬಂದ ಕೈ ನಡುಗುವುದು ಸಹಜವೇ. ತಜ್ಞರಾದರೆ ಆ ಮೊದಲ ಹಾಳೆಯ ಅಚ್ಚುಕಟ್ಟಾದ ರುಜುವಿನ ಮೇಲೇ ಜಾಸ್ತಿ ಹೊತ್ತು ಕೂರುತ್ತಾರೆ ಎಂದು ನನಗೆ ಅನಿಸುತ್ತದೆ.

ಯಾಕೆ ಅಂದರೆ, ತಜ್ಞರು ನೋಡುವುದು ಅಕ್ಷರ ಹೇಗೆ ಕಾಣುತ್ತದೆ ಎಂಬುದನ್ನಲ್ಲ, ಕೈ ಹೇಗೆ ಓಡಿದೆ ಎಂಬುದನ್ನು. ಕಾಣುವ ಆಕಾರವನ್ನು ಯಾರು ಬೇಕಾದರೂ ಕಷ್ಟಪಟ್ಟು ಕಲಿಯಬಹುದು. ಓಟವನ್ನು ಕದಿಯುವುದು ಕಷ್ಟ.

ಮೂವತ್ತು ವರ್ಷ ಈ ಮೇಜಿನ ಮುಂದೆ ಕೂತು ಲೇಖಕರ ಹಸ್ತಪ್ರತಿ ಓದಿದವನು ನಾನು. ಲಕೋಟೆಯ ಮೇಲಿನ ವಿಳಾಸ ನೋಡಿದರೆ ಯಾರ ಕಾಗದ ಎಂದು ಗೊತ್ತಾಗುತ್ತಿತ್ತು. ಕೆಲವರು ತಲೆಕಟ್ಟಿನಿಂದಲೇ ಅಕ್ಷರ ಶುರು ಮಾಡುತ್ತಾರೆ. ಕೆಲವರು ಹೊಟ್ಟೆ ಬರೆದು ಮುಗಿಸಿ, ಪೆನ್ನು ಎತ್ತಿ, ಆಮೇಲೆ ತಲೆಕಟ್ಟು ಇಡುತ್ತಾರೆ. ಒಬ್ಬರ ಒತ್ತಕ್ಷರ ಸಾಲಿನಿಂದ ತುಂಬ ಕೆಳಗೆ ಜೋತಾಡುತ್ತದೆ, ಇನ್ನೊಬ್ಬರದ್ದು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಅರ್ಕಾವೊತ್ತು ಎಷ್ಟು ದೂರ ಇಡುತ್ತಾರೆ, ಸೊನ್ನೆ ಪೂರ್ತಿ ಮುಚ್ಚುತ್ತದಾ, ಕೊಂಬಿನ ಬಾಲ ಒಳಗೆ ತಿರುಗುತ್ತದಾ ಹೊರಗೆ ಹೋಗುತ್ತದಾ. ಬರೆಯುವವರಿಗೆ ಇದೊಂದೂ ಗೊತ್ತಿರುವುದಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಇವು ನಂಬಿಕೆಗೆ ಅರ್ಹ. ಅಕ್ಷರವನ್ನು ನಕಲು ಮಾಡುವವನ ಗಮನ ದೊಡ್ಡ ಆಕಾರದ ಮೇಲೆ ಇರುತ್ತದೆ, ಇಂಥ ಸಣ್ಣ ರೂಢಿಗಳು ಅವನ ಕಣ್ಣಿಗೆ ಬೀಳುವುದಿಲ್ಲ. ಆದರೆ ನನ್ನದು ರೂಢಿಯ ಕಣ್ಣು ಅಷ್ಟೆ. ತಜ್ಞರದ್ದು ಮೈಕ್ರೋಸ್ಕೋಪಿನ ಕಣ್ಣು.

ಆ ಕಣ್ಣಿನಲ್ಲಿ ಏನು ಕಾಣುತ್ತದೆ ಹೇಳುತ್ತೇನೆ. ಒಬ್ಬರು ತಮ್ಮದೇ ರುಜು ಹಾಕುವಾಗ ಪೆನ್ನು ಕಾಗದ ಮುಟ್ಟುವ ಮೊದಲೇ ಕೈ ಓಡುತ್ತಿರುತ್ತದೆ. ಕಾಗದ ಬಿಟ್ಟ ಮೇಲೂ ಓಡುತ್ತದೆ. ಹಾಗಾಗಿ ಗೆರೆಯ ಶುರು ಮತ್ತು ಕೊನೆ ಎರಡೂ ಸೂಜಿಯ ಹಾಗೆ ಸಪೂರ ಆಗಿರುತ್ತವೆ. ನಕಲು ಮಾಡುವವನು ಪೆನ್ನು ಕಾಗದದ ಮೇಲೆ ಇಟ್ಟು, ಆಮೇಲೆ ಎಳೆಯುತ್ತಾನೆ. ಶುರುವಿನಲ್ಲಿ ಒಂದು ಮೊಂಡು ಚುಕ್ಕೆ, ಕೊನೆಯಲ್ಲೂ ಒಂದು ಮೊಂಡು ಚುಕ್ಕೆ. ನಡುವೆ ಮಾದರಿ ನೋಡಲು ಕತ್ತು ಎತ್ತಿದಾಗ ಪೆನ್ನು ನಿಲ್ಲುತ್ತದೆ, ಅಲ್ಲಿ ಶಾಯಿ ಸ್ವಲ್ಪ ಗಟ್ಟಿಯಾಗುತ್ತದೆ. ಒತ್ತಡ ಮೇಲಿಂದ ಕೆಳಗಿನವರೆಗೆ ಒಂದೇ ಸಮ. ಎಲ್ಲೋ ತಪ್ಪಿದರೆ ಮೆಲ್ಲಗೆ ತಿದ್ದಿರುತ್ತಾನೆ. ತಮ್ಮ ರುಜುವನ್ನು ತಾವೇ ಕೂತು ತಿದ್ದಿ ಚಂದ ಮಾಡುವವರು ಎಷ್ಟು ಜನ ಇದ್ದಾರೆ ಹೇಳಿ.

ಈಗ ನಡುಕದ ವಿಷಯ. ಕಾಯಿಲೆಯ ನಡುಕ ಬೇರೆ, ಹೆದರಿಕೆಯ ನಡುಕ ಬೇರೆ. ಕಾಯಿಲೆಯವರ ಕೈ ನಡುಗಿದರೂ ದಾರಿ ತಪ್ಪುವುದಿಲ್ಲ. ಜೀವಮಾನ ಪೂರ್ತಿ ಹೋದ ದಾರಿ ಅದು. ಅಕ್ಷರ ಅಂಕುಡೊಂಕಾದರೂ ತಿರುವು ಎಲ್ಲಿ, ಸೇರುವುದು ಎಲ್ಲಿ ಎಂಬುದು ಹಳೆಯ ಹಾಗೇ ಇರುತ್ತದೆ. ನಡುಕವೂ ಹೆಚ್ಚುಕಡಿಮೆ ಎಲ್ಲ ಕಡೆ ಹರಡಿರುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಇನ್ನೊಂದು ಲಕ್ಷಣ ಉಂಟು. ಅಕ್ಷರ ಸಣ್ಣದಾಗುತ್ತದೆ, ಬರೆಯುತ್ತಾ ಹೋದ ಹಾಗೆ ಇನ್ನೂ ಸಣ್ಣದಾಗುತ್ತದೆ. ನಕಲು ಮಾಡುವವನ ನಡುಕ ಹಾಗಲ್ಲ. ಸುಲಭದ ನೇರ ಗೆರೆಯಲ್ಲಿ ಕೈ ಗಟ್ಟಿ, ಕಷ್ಟದ ತಿರುವಿನಲ್ಲಿ ಮಾತ್ರ ನಡುಕ. ನಿಮ್ಮ ಎರಡನೆಯ ಹಾಳೆಯಲ್ಲಿ ಇದರಲ್ಲಿ ಯಾವುದು ಇದೆ ಎಂದು ಮೂಲ ಪ್ರತಿ ನೋಡಿದವರು ಮಾತ್ರ ಹೇಳಬಲ್ಲರು.

ಕೈ ಹಿಡಿದು ರುಜು ಹಾಕಿಸಿದ್ದರೆ ಅದು ಮತ್ತೊಂದು ಬಗೆ. ಎರಡು ಕೈ ಎರಡು ಕಡೆ ಎಳೆದ ಗುರುತು ಗೆರೆಯಲ್ಲಿ ಇರುತ್ತದೆ. ಹಾಗಂತ ಅದು ತಾನಾಗಿಯೇ ಖೋಟಾ ಆಗುವುದಿಲ್ಲ. ಅಪ್ಪಯ್ಯನ ಇಷ್ಟದಿಂದ ಸಹಾಯ ಮಾಡಿದ್ದಾ, ಇಷ್ಟ ಇಲ್ಲದೆ ಹಿಡಿದು ಹಾಕಿಸಿದ್ದಾ ಎಂಬುದು ಸಾಕ್ಷಿಗಳಿಂದ ಗೊತ್ತಾಗಬೇಕು.

ಇನ್ನು ಆ ಅಚ್ಚುಕಟ್ಟಾದ ರುಜು. ನೂರೈವತ್ತು ವರ್ಷದ ಹಿಂದಿನ ಒಂದು ಪ್ರಕರಣ ಇಲ್ಲಿ ಹೇಳಲೇಬೇಕು, ಅದೂ ಮನೆಯೊಳಗಿನ ವಿಲ್ ಜಗಳವೇ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಸಿಲ್ವಿಯಾ ಆನ್ ಹೌಲ್ಯಾಂಡ್ ಎಂಬ ಶ್ರೀಮಂತೆ 1865ರಲ್ಲಿ ತೀರಿಕೊಂಡರು. ಅವರ ಸೋದರಿಯ ಮಗಳು ಹೆಟ್ಟಿ ಒಂದು ವಿಲ್ ತಂದು, ಅದರ ಜೊತೆ ಒಂದು ಹೆಚ್ಚಿನ ಹಾಳೆ ತೋರಿಸಿದಳು. ಆ ಹಾಳೆಯ ರುಜು ವಿಲ್ಲಿನ ರುಜುವಿಗೆ ಚೂರೂ ವ್ಯತ್ಯಾಸ ಇಲ್ಲದೆ ಹೊಂದುತ್ತಿತ್ತು. ಎದುರಿನವರು ಹಾರ್ವರ್ಡಿನ ಗಣಿತಜ್ಞ ಬೆಂಜಮಿನ್ ಪೀರ್ಸ್ ಅವರನ್ನು ಕರೆಸಿದರು. ಅವರ ಮಗ ಚಾರ್ಲ್ಸ್, ಹೌಲ್ಯಾಂಡ್ ಅವರ 42 ನಿಜವಾದ ರುಜುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ. ಒಂದೊಂದು ರುಜುವಿನಲ್ಲಿ ಕೆಳಗೆ ಇಳಿಯುವ ಗೆರೆ 30. ಯಾವ ಎರಡು ರುಜು ತೆಗೆದುಕೊಂಡರೂ ಸರಾಸರಿ ಐದು ಗೆರೆಗೆ ಒಂದು ಮಾತ್ರ ಕೂಡಿ ಬರುತ್ತಿತ್ತು. ವಿವಾದದ ಜೋಡಿಯಲ್ಲಿ 30ಕ್ಕೆ 30 ಕೂಡಿ ಬಂದವು. ತಾನಾಗಿ ಹೀಗೆ ಆಗುವುದು ಎಣಿಸಲಾಗದಷ್ಟು ಅಪರೂಪ ಎಂದು ತಂದೆ ಕೋರ್ಟಿನಲ್ಲಿ ಹೇಳಿದರು. 1868ರಲ್ಲಿ ತೀರ್ಪು ಹೆಟ್ಟಿಯ ವಿರುದ್ಧ ಬಂತು, ಆದರೆ ಬೇರೆ ಕಾನೂನು ಕಾರಣಕ್ಕೆ. ಪೀರ್ಸ್ ಅವರ ಲೆಕ್ಕದ ರೀತಿಯ ಬಗ್ಗೆ ಮುಂದೆ ಚರ್ಚೆ ಆಯಿತು. ಅವರು ತೋರಿಸಿದ ಸಂಗತಿ ಮಾತ್ರ ಇಂದಿಗೂ ನಿಂತಿದೆ: ಒಬ್ಬರೇ ಹಾಕಿದ ಎರಡು ರುಜು ಯಾವತ್ತೂ ತದ್ರೂಪ ಇರುವುದಿಲ್ಲ.

ನೀವೇ ಈಗ ಹತ್ತು ಸಲ ರುಜು ಹಾಕಿ ನೋಡಿ. ಹತ್ತೂ ನಿಮ್ಮದೇ, ಹತ್ತೂ ಬೇರೆ. ಅದಕ್ಕೇ ಎರಡು ರುಜು ಕಿಟಕಿಯ ಬೆಳಕಿಗೆ ಒಂದರ ಮೇಲೊಂದು ಹಿಡಿದಾಗ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂತರೆ, ಒಂದನ್ನು ಇನ್ನೊಂದರ ಮೇಲಿಟ್ಟು ತಿದ್ದಿರಬಹುದು ಎಂಬ ಅನುಮಾನ ಬರುತ್ತದೆ. ಪಾರ್ಕಿನ್ಸನ್ ಹಿಡಿದ ಕಾಲದ್ದು ಎನ್ನುವ ರುಜು ಶಾಲೆಯ ಕಾಲದ ರುಜುವಿನಷ್ಟು ಗಟ್ಟಿ ಇದ್ದರೆ ಅದನ್ನೂ ಕೇಳಬೇಕು. ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ನಿಮ್ಮ ಅಣ್ಣನಿಗೆ ಅನ್ಯಾಯ ಆಗಬಾರದು, ಅಲ್ವಾ? ಪಾರ್ಕಿನ್ಸನ್ ಇದ್ದವರಿಗೆ ಔಷಧಿ ಹಿಡಿದ ಹೊತ್ತಿನಲ್ಲಿ ಕೈ ಸ್ಥಿರವಾಗಿ, ಅದರ ಪ್ರಭಾವ ಇಳಿದ ಮೇಲೆ ಮತ್ತೆ ನಡುಗುವುದು ಉಂಟು. ಮೊದಲ ಹಾಳೆಗೂ ಎರಡನೆಯದಕ್ಕೂ ನಡುವೆ ಹೊತ್ತು ಕಳೆದಿದ್ದರೆ ಎರಡೂ ಅವರದ್ದೇ ಆಗಿರಬಹುದು. ಅವರ ಡಾಕ್ಟರ ಚೀಟಿಗಳು ಮನೆಯಲ್ಲಿ ಇದ್ದರೆ ಎತ್ತಿಡಿ.

ಹಾಳೆ ಎರಡು ಇರುವುದರಿಂದ ಇನ್ನೂ ಒಂದು ಪ್ರಶ್ನೆ ಬರುತ್ತದೆ. ರುಜು ಅಷ್ಟೇ ಅಲ್ಲ, ಹಾಳೆಯೇ ಬದಲಾಗಿದೆಯಾ? ತಜ್ಞರು ಇದನ್ನೂ ನೋಡುತ್ತಾರೆ. ಎರಡು ಹಾಳೆಯ ಪಿನ್ನಿನ ತೂತು ಕೂಡುತ್ತದಾ, ಕಾಗದ ಒಂದೇ ಬಗೆಯದ್ದಾ, ಪ್ರಿಂಟರ್ ಒಂದೇನಾ, ಸಾಲಿನ ಅಂತರ ಒಂದೇನಾ. ಎರಡು ನೀಲಿ ಪೆನ್ನಿನ ಶಾಯಿ ನಮ್ಮ ಕಣ್ಣಿಗೆ ಒಂದೇ. ಇನ್ಫ್ರಾರೆಡ್ ಬೆಳಕಿನಲ್ಲಿ ನೋಡುವ ಯಂತ್ರದ ಕೆಳಗೆ ಇಟ್ಟರೆ ಒಂದು ಮಾಯವಾಗಿ ಇನ್ನೊಂದು ಹಾಗೇ ಉಳಿಯಬಹುದು. 1,000ದ ಮುಂದೆ ಒಂದು ಸೊನ್ನೆ ಬೇರೆ ಪೆನ್ನಿನಲ್ಲಿ ಸೇರಿಸಿದ ಚೆಕ್ಕುಗಳು ಸಿಕ್ಕಿಬೀಳುವುದು ಹೀಗೇ. ಆದರೆ ಈ ಶಾಯಿ ಇಂಥ ವರ್ಷದ್ದು ಎಂದು ನಿಖರವಾಗಿ ಹೇಳುವುದು ಬಹಳ ಕಷ್ಟ. ಹಾಗೆ ಖಡಾಖಂಡಿತ ಹೇಳುವವರು ಸಿಕ್ಕರೆ ಜಾಗ್ರತೆ.

ಒತ್ತಿನ ಗುರುತು ಎಂಬುದು ಉಂಟು, ಅದು ನನಗೆ ಎಲ್ಲಕ್ಕಿಂತ ಆಶ್ಚರ್ಯದ್ದು. ಮನೆಯಲ್ಲಿ ಸಾಮಾನಿನ ಚೀಟಿ ಬರೆಯುವ ಪ್ಯಾಡ್ ಇದ್ದರೆ ಇವತ್ತು ರಾತ್ರಿ ನೋಡಿ. ಮೇಲಿನ ಹಾಳೆಯಲ್ಲಿ ಬರೆದು ಹರಿಯಿರಿ. ದೀಪ ಆರಿಸಿ, ಕೆಳಗಿನ ಖಾಲಿ ಹಾಳೆಯ ಅಂಚಿಗೆ ಟಾರ್ಚನ್ನು ಮಲಗಿಸಿ ಹಿಡಿಯಿರಿ. ಅಕ್ಕಿ, ಬೆಲ್ಲ, ತೆಂಗಿನೆಣ್ಣೆ ಎಲ್ಲ ನೆರಳಾಗಿ ಏಳುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಎಸ್ಡಾ ಎಂಬ ಯಂತ್ರ ಇದೆ. ಕಾಗದದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ವಿದ್ಯುತ್ ಹಾಯಿಸಿ, ಜೆರಾಕ್ಸ್ ಯಂತ್ರದಲ್ಲಿ ಹಾಕುವಂಥ ಕಪ್ಪು ಪುಡಿ ಸುರಿಯುತ್ತಾರೆ. ಕಣ್ಣಿಗೂ ಟಾರ್ಚಿಗೂ ಸಿಗದ ಒತ್ತು ಕೂಡ ಕಪ್ಪಾಗಿ ಮೂಡುತ್ತದೆ. ಲಂಡನ್ನಿನ ಟಾಟೆನ್‌ಹ್ಯಾಮಿನಲ್ಲಿ 1985ರಲ್ಲಿ ಗಲಭೆಯಾಗಿ ಒಬ್ಬ ಪೊಲೀಸ್ ಕೊಲೆಯಾದಾಗ ಮೂವರಿಗೆ ಶಿಕ್ಷೆ ಆಗಿತ್ತು. ಅವರಲ್ಲಿ ಒಬ್ಬನ ವಿಚಾರಣೆಯ ಟಿಪ್ಪಣಿಯನ್ನು ಈ ಯಂತ್ರದಲ್ಲಿ ಇಟ್ಟಾಗ, ಹಾಳೆಗಳ ಒತ್ತು ಒಂದಕ್ಕೊಂದು ಕೂಡಲಿಲ್ಲ. ವಿಚಾರಣೆ ನಡೆದಾಗಲೇ ಎಲ್ಲ ಹಾಳೆ ಬರೆದದ್ದು ಎಂಬ ಮಾತು ಬಿದ್ದುಹೋಯಿತು. 1991ರಲ್ಲಿ ಶಿಕ್ಷೆ ರದ್ದಾಯಿತು. ನಿಮ್ಮ ಮೊದಲ ಹಾಳೆಯ ರುಜುವಿನ ಒತ್ತು ಎರಡನೆಯದರ ಮೇಲೆ ಬಿದ್ದಿದೆಯಾ ಎಂದು ಹೀಗೆ ನೋಡಬಹುದು.

ಅದಕ್ಕೇ ಕೈ ಮುಗಿದು ಹೇಳುತ್ತೇನೆ, ಯಾವ ಹಳೆಯ ಕಾಗದವನ್ನೂ ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಕಾಗದ ತೇವ ಹಿಡಿಯುತ್ತದೆ, ಒರಲೆ ತಿನ್ನುತ್ತದೆ ಎಂದು ಜನ ದಾಖಲೆಗಳನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಬಿಸಿ ಮಾಡಿ ಅಂಟಿಸುತ್ತಾರೆ. ಅಲ್ಲಿಗೆ ಒತ್ತೂ ಹೋಯಿತು, ಶಾಯಿಯ ಪರೀಕ್ಷೆಯೂ ಹೋಯಿತು. ದೊಡ್ಡ ಲಕೋಟೆಯಲ್ಲಿ ಮಡಚದೆ ಇಡಿ. ಆ ಲಕೋಟೆಯ ಮೇಲೆ ಏನಾದರೂ ಬರೆಯುವುದಿದ್ದರೆ ಕಾಗದ ಒಳಗೆ ಹಾಕುವ ಮೊದಲೇ ಬರೆಯಿರಿ.

ಇದನ್ನು ಓದುವ ಬೇರೆಯವರಲ್ಲೂ ಹಳೆಯ ಪಾಲುಪಟ್ಟಿ, ಮೂಲಗೇಣಿ ಚೀಟು, ಪ್ರೋನೋಟು ಇಟ್ಟುಕೊಂಡವರು ಇರುತ್ತೀರಿ. ನಿಮಗೆ ಯಂತ್ರವೇ ಬೇಡದ ಒಂದು ಪರೀಕ್ಷೆ ಉಂಟು. ತಾರೀಕಿಗೂ ಬರಹಕ್ಕೂ ತಾಳೆ ನೋಡುವುದು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. 1994ರದ್ದು ಎನ್ನುವ ಕರಾರಿನಲ್ಲಿ 'ಉಡುಪಿ ಜಿಲ್ಲೆ' ಎಂದು ಇದ್ದರೆ ಅದನ್ನು ಯಾವಾಗ ಬರೆದದ್ದು? ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಕಂಪ್ಯೂಟರಿನ 'ತುಂಗ' ಎಂಬ ಕನ್ನಡ ಅಕ್ಷರದ ಮಾದರಿ (ಫಾಂಟ್) ವಿಂಡೋಸ್ ಎಕ್ಸ್‌ಪಿ ಜೊತೆ 2001ರಲ್ಲಿ ಬಂತು. ಪಾಕಿಸ್ತಾನದ ಪ್ರಧಾನಿಯಾಗಿದ್ದ ನವಾಜ್ ಷರೀಫರ ಮಗಳು ಕೊಟ್ಟ 2006ರ ತಾರೀಕಿನ ದಾಖಲೆ 2017ರಲ್ಲಿ ದೊಡ್ಡ ಸುದ್ದಿಯಾಯಿತಲ್ಲ, ಅದರಲ್ಲಿದ್ದ ಕ್ಯಾಲಿಬ್ರಿ ಅಕ್ಷರ ಮಾರುಕಟ್ಟೆಗೆ ಬಂದದ್ದೇ 2007ರಲ್ಲಿ.

ಅಕ್ಷರ ನೋಡಿ ಗುಣ ಹೇಳುವವರ ಬಗ್ಗೆ ಕೇಳಿದ್ದೀರಿ. ಬೇಡ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಕ್ಷರ ಬಲಕ್ಕೆ ವಾಲಿದರೆ ಸ್ವಭಾವ ಹೀಗೆ ಎನ್ನುವುದಕ್ಕೆ ವಿಜ್ಞಾನದ ಆಧಾರ ಸಿಕ್ಕಿಲ್ಲ. ಅವರಿಗೆ ಮೂಲ ಕಾಗದ ಕೊಟ್ಟು ಅದರ ಮೇಲೆ ಗೆರೆ ಎಳೆಸಿಕೊಂಡರೆ ನಷ್ಟ ನಿಮ್ಮದೇ.

ಹಾಗಾದರೆ ನಿಜವಾದ ತಜ್ಞರು ತಪ್ಪುವುದಿಲ್ಲವಾ? ತಪ್ಪುತ್ತಾರೆ. ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 86 ಮಂದಿ ತಜ್ಞರಿಗೆ ಬರಹಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ಬೇರೆಯವರ ಬರಹವನ್ನು ಇವರದ್ದೇ ಎಂದು ತಪ್ಪಾಗಿ ಹೇಳಿದ್ದು 100ಕ್ಕೆ 3.1. ಅವಳಿ ಮಕ್ಕಳ ಬರಹದಲ್ಲಿ ಆ ತಪ್ಪು 8.7ಕ್ಕೆ ಏರಿತು. ಅವರದ್ದೇ ಬರಹವನ್ನು ಅಲ್ಲ ಎಂದದ್ದು 1.1. ಒಳ್ಳೆಯ ತಜ್ಞರು ಕೆಲವೊಮ್ಮೆ 'ಹೇಳಲು ಆಗುವುದಿಲ್ಲ' ಎಂದು ವರದಿ ಕೊಡುತ್ತಾರೆ. ಆಗ ಬೇಸರ ಮಾಡಿಕೊಳ್ಳಬೇಡಿ. ಅದೂ ಪ್ರಾಮಾಣಿಕ ಉತ್ತರವೇ.

ತಪ್ಪು ಹುಟ್ಟುವ ದೊಡ್ಡ ಜಾಗ ಯಾವುದು ಗೊತ್ತಾ? ಹೋಲಿಸಲು ಕೊಟ್ಟ ಮಾದರಿ. 1983ರಲ್ಲಿ ಜರ್ಮನಿಯ 'ಸ್ಟರ್ನ್' ಪತ್ರಿಕೆ ಹಿಟ್ಲರನ ಡೈರಿ ಸಿಕ್ಕಿದೆ ಎಂದು ಲೋಕಕ್ಕೆಲ್ಲ ಸಾರಿತು. ಅದಕ್ಕೆ 93 ಲಕ್ಷ ಮಾರ್ಕ್ ಕೊಟ್ಟಿತ್ತು. ಕೈಬರಹದ ತಜ್ಞರು ನೋಡಿ ಹೌದು ಎಂದಿದ್ದರು. ಆದರೆ ಹೋಲಿಸಲು ಅವರಿಗೆ ಕೊಟ್ಟ ಹಿಟ್ಲರನ ಬರಹಗಳಲ್ಲಿ ಕೆಲವನ್ನು ಬರೆದವನೂ ಡೈರಿ ಬರೆದ ಕೊನ್ರಾಡ್ ಕುಯಾವೇ! ಒಂದೇ ಕೈಯ ಎರಡು ಬರಹ ಹೊಂದದೆ ಇನ್ನೇನು? ಕೊನೆಗೆ ಕಾಗದವೇ ಬಾಯಿ ಬಿಟ್ಟಿತು. ಅದರಲ್ಲಿ ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಬಳಕೆಗೆ ಬಂದ ಬಿಳುಪಿನ ರಾಸಾಯನಿಕ ಇತ್ತು.

ಇದನ್ನು ಬರೆಯುವಾಗ ನನಗೆ ನನ್ನದೇ ತಪ್ಪು ನೆನಪಾಗುತ್ತದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಊರಿನ ಗೌರವಸ್ಥರೊಬ್ಬರ ಹೆಸರಿನಲ್ಲಿ ಕಟುವಾದ ಒಂದು ಪತ್ರ ಬಂತು. ಅವರು ಇಷ್ಟು ಕಟುವಾಗಿ ಬರೆಯುವವರಲ್ಲ ಎಂದು ಅನುಮಾನ ಬಂದು, ಕಡತದಲ್ಲಿದ್ದ ಅವರ ಹಿಂದಿನ ಪತ್ರ ತೆಗೆದು ಹೋಲಿಸಿದೆ. ಅಕ್ಷರ ಸರಿ ಹೊಂದಿತು. ಪ್ರಕಟಿಸಿದೆ. ಆ ಹಿಂದಿನ ಪತ್ರವನ್ನೂ ಅವರು ಬರೆದಿರಲಿಲ್ಲ. ಎರಡನ್ನೂ ಯಾರೋ ಒಬ್ಬರೇ ಬರೆದಿದ್ದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟು ಕಳಿಸಿದರು. ಆ ನೋವು ಇನ್ನೂ ಉಳಿದಿದೆ.

ಕಾನೂನಿನ ಮಾತು ಚುಟುಕಾಗಿ. ಸಿವಿಲ್ ದಾವೆಯಲ್ಲಿ ಕೋರ್ಟಿಗೆ ಅರ್ಜಿ ಹಾಕಿ ದಾಖಲೆಯನ್ನು ವೈಜ್ಞಾನಿಕ ಪರೀಕ್ಷೆಗೆ ಕಳಿಸುವಂತೆ ಕೇಳಬಹುದು, ನಿಮ್ಮ ವಕೀಲರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 10-ಎ ಗೊತ್ತಿರುತ್ತದೆ. ತಜ್ಞರ ಮಾತು ಕೋರ್ಟಿಗೆ ಒಂದು ಅಭಿಪ್ರಾಯ ಮಾತ್ರ, ತೀರ್ಪಲ್ಲ. 1980ರ ಮುರಾರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎಚ್ಚರಿಕೆಯಿಂದ, ಕಾರಣಗಳನ್ನು ತೂಗಿ ನೋಡಬೇಕು ಎಂದಿದೆ. ವೀಲುನಾಮೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಬೇಕು. ಅವರು ಬದುಕಿದ್ದರೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಅನುಮಾನಕ್ಕೆ ಕಾರಣ ಇದ್ದರೆ ಅದನ್ನು ನಿವಾರಿಸುವ ಹೊಣೆ ವೀಲುನಾಮೆ ತಂದವರದ್ದು. ನಮ್ಮ ಮೈಸೂರಿನ ಕಡೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಇದನ್ನು ಹೇಳಿಯಾಗಿದೆ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಹೊಸ ಸಾಕ್ಷ್ಯ ಕಾನೂನಿನ 41ನೇ ಕಲಂ, ಹಳೆಯದರಲ್ಲಿ 47. ಒಬ್ಬರ ಕೈಬರಹದ ಬಳಕೆ ಇದ್ದವರು ಅದರ ಬಗ್ಗೆ ಹೇಳುವ ಮಾತನ್ನೂ ಕೋರ್ಟ್ ಕೇಳುತ್ತದೆ. ಮೈಕ್ರೋಸ್ಕೋಪ್ ಇಲ್ಲದಿದ್ದರೂ, ಸ್ಲೇಟಿನ ಮೇಲೆ ಅಪ್ಪಯ್ಯ ಬರೆದುಕೊಟ್ಟ ಅಕ್ಷರ ತಿದ್ದಿ ಬೆಳೆದವರು ನೀವು. ನಿಮ್ಮ ಮಾತಿಗೂ ಅಲ್ಲಿ ಜಾಗ ಉಂಟು. ನಿಮ್ಮ ಅಣ್ಣನ ಮಾತಿಗೂ ಉಂಟು.

ಈಗ ನೀವು ಮಾಡಬೇಕಾದ ಕೆಲಸ. ಅಪ್ಪಯ್ಯನದ್ದೇ ಎಂದು ಅಣ್ಣನೂ ಒಪ್ಪುವ ಬರಹ ಬೇಕು, ಅದೂ 2018, 2019, 2020ರದ್ದು. ಶಾಲೆಯ ಹಾಜರಿ ಪುಸ್ತಕದ ಚಂದದ ಅಕ್ಷರ ಒಂದೆರಡು ಇರಲಿ, ಆದರೆ ಕಾಯಿಲೆಯ ಕಾಲದ ಬರಹವೇ ಮುಖ್ಯ. ಪೆನ್ಷನ್ ಬರುತ್ತಿದ್ದ ಬ್ಯಾಂಕಿಗೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ರುಜು ಹಾಕಿಕೊಟ್ಟಿರುತ್ತಾರೆ. ಹಣ ತೆಗೆದ ಚೀಟಿಗಳು ಇರುತ್ತವೆ. ಅವನ್ನು ಕೋರ್ಟಿನ ಮೂಲಕ ತರಿಸಬಹುದು. ಆಸ್ಪತ್ರೆಯ ಒಪ್ಪಿಗೆ ಪತ್ರ, ಹಾಲಿನ ಸೊಸೈಟಿಯ ಪುಸ್ತಕ ಎಲ್ಲವೂ ಆಗುತ್ತದೆ. ನಾಲ್ಕೈದು ಸಾಲದು, ಹತ್ತಿಪ್ಪತ್ತು ಸಿಕ್ಕರೆ ಒಳ್ಳೆಯದು. ಅವರ ಕೈ ಎಷ್ಟು ಬಗೆಯಲ್ಲಿ ಬದಲಾಗುತ್ತಿತ್ತು ಎಂದು ತಿಳಿಯದೆ ಯಾವ ತಜ್ಞರೂ ಮುಂದೆ ಹೋಗಲಾರರು.

ಮತ್ತೆ, ಗೋಡೆಗೆ ತೂಗುವ ಕ್ಯಾಲೆಂಡರ್. ನಮ್ಮ ಕಡೆಯ ಹಿರಿಯರು ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ತೆಂಗಿನಕಾಯಿ ತೆಗೆದವರ ಮಜೂರಿ ಎಲ್ಲ ಬರೆಯುತ್ತಾರೆ. ನಿಮ್ಮ ಅಪ್ಪಯ್ಯನೂ ಬರೆದಿರಬಹುದು. ತಾರೀಕು ಅಲ್ಲೇ ಅಚ್ಚಾಗಿರುತ್ತದೆ, ಕೋರ್ಟಿಗೆ ಹೋಗುತ್ತದೆ ಎಂಬ ಯೋಚನೆ ಇಲ್ಲದೆ ಬರೆದದ್ದು. ಒಂದು ವರ್ಷದ ಕ್ಯಾಲೆಂಡರಿನಲ್ಲಿ ಅವರ ಕೈಯ ಹನ್ನೆರಡು ತಿಂಗಳು ಸಿಗುತ್ತದೆ. ಮನೆಯಲ್ಲಿ ಈಗ ಯಾರಿದ್ದಾರೋ ಅವರಿಗೆ ಇವತ್ತೇ ಫೋನ್ ಮಾಡಿ. ಅಟ್ಟದಲ್ಲಿ 2019ರ ಕ್ಯಾಲೆಂಡರ್ ಇದ್ದರೆ ಬಚ್ಚಲ ಒಲೆಗೆ ಹಾಕಬೇಡಿ ಎಂದು ಹೇಳಿ.